ಥೆರಪಿ ಕೋಣೆಯ ಆಟ ಮನೆಯ ಬಚ್ಚಲಿಗೂ ಬರಬೇಕು

ನಮ್ಮ ಮೆಟ್ರೊ ನೇರಳೆ ಮಾರ್ಗದ 37 ನಿಲ್ದಾಣಗಳನ್ನು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೂ ಬಿಡದೆ ಒಪ್ಪಿಸುವ ಎಂಟು ವರ್ಷದ ಹುಡುಗನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯಲಾಗದೆ ಹಸಿದುಕೊಂಡೇ ಶಾಲೆಯಿಂದ ಮನೆಗೆ ಬರುತ್ತಾನೆ. ಕಕ್ಕಸಿಗೆ ಹೋದರೆ ತೊಳೆಸಿಕೊಳ್ಳಲು ಅಮ್ಮನನ್ನೇ ಕೂಗಬೇಕು. ಬೆಂಗಳೂರಿನ ಯಾವ ಬಡಾವಣೆಯ ಮಕ್ಕಳ ಥೆರಪಿ ಕೇಂದ್ರಕ್ಕೆ ಹೋಗಿ ಹೊರಗಿನ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತರೂ ಇಂಥ ಮಗುವಿನ ಕತೆ ಕಿವಿಗೆ ಬೀಳುತ್ತದೆ. ‘ಓದೋದೆಲ್ಲ ಬರುತ್ತೆ, ಆದ್ರೆ ತನ್ನ ಕೆಲಸ ತಾನು ಮಾಡ್ಕೊಳಲ್ಲ’ ಎನ್ನುವುದು ಅಲ್ಲಿನ ತಾಯಂದಿರ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು.

ವೈದ್ಯರಿಗೆ ಇದು ಹೊಸದೇನಲ್ಲ. ಬುದ್ಧಿಯ ಅಳತೆ ಒಂದು, ದಿನದ ಬದುಕನ್ನು ನಿಭಾಯಿಸುವ ಶಕ್ತಿಯ ಅಳತೆ ಇನ್ನೊಂದು. ಎರಡನೆಯದನ್ನು ಅಳೆಯಲು ಅಮೆರಿಕದ ಮನಃಶಾಸ್ತ್ರಜ್ಞ ಎಡ್ಗರ್ ಡಾಲ್ 1935ರಲ್ಲಿ ವೈನ್‌ಲ್ಯಾಂಡ್ ಮಾಪಕವನ್ನು ರೂಪಿಸಿದರು. ನಾಗಪುರದಲ್ಲಿದ್ದ ಎ.ಜೆ. ಮಾಲಿನ್ ಅದನ್ನು ಭಾರತದ ಮಕ್ಕಳಿಗೆ ಹೊಂದಿಸಿದರು. ನಮ್ಮ ಆಸ್ಪತ್ರೆಗಳಲ್ಲಿ ಆ ರೂಪ ಇವತ್ತಿಗೂ ಬಳಕೆಯಲ್ಲಿದೆ. ತಾನೇ ಉಣ್ಣುತ್ತದೆಯೇ, ಲೋಟದಲ್ಲಿ ಚೆಲ್ಲದೆ ಕುಡಿಯುತ್ತದೆಯೇ, ಮುಖ ತೊಳೆದುಕೊಳ್ಳುತ್ತದೆಯೇ ಎಂಬಂಥ ಸಾದಾ ಪ್ರಶ್ನೆಗಳನ್ನು ಹೆತ್ತವರಿಗೆ ಕೇಳಿ ಮಗುವಿನ ಸಾಮಾಜಿಕ ವಯಸ್ಸನ್ನು ಲೆಕ್ಕ ಹಾಕುತ್ತಾರೆ. ಬೇರೆಯವರೊಂದಿಗೆ ಬೆರೆಯುವುದು, ಸಂವಹನ ಕಷ್ಟವಾಗುವ ಆಟಿಸಂ ಎಂಬ ಸ್ಥಿತಿ ಇರುವ ಅನೇಕ ಮಕ್ಕಳಲ್ಲಿ ಬುದ್ಧಿ ಪರೀಕ್ಷೆಯ ಅಂಕ ಚೆನ್ನಾಗಿದ್ದರೂ ಈ ಅಂಕ ತೀರಾ ಕೆಳಗಿರುತ್ತದೆ, ಅಂತರ ವಯಸ್ಸಾದಂತೆ ಹೆಚ್ಚುವುದೂ ಉಂಟು ಎಂದು ಹಲವು ದೇಶಗಳ ಸಂಶೋಧನೆಗಳು ಹೇಳುತ್ತಾ ಬಂದಿವೆ. ಇಷ್ಟಾದರೂ ಮಗುವಿಗೆ ಐದು ತುಂಬುವ ಮುಂಚೆಯೇ ನಮ್ಮ ಗಮನವೆಲ್ಲ ಅಕ್ಷರ ಮತ್ತು ಮಾತಿನ ಮೇಲೆ ನೆಟ್ಟಿರುತ್ತದೆ. ಗುಂಡಿ, ಜಿಪ್ಪು, ತುತ್ತು, ಚೊಂಬು ಇವೆಲ್ಲ ‘ದೊಡ್ಡವನಾದ ಮೇಲೆ ತಾನಾಗಿ ಬರುತ್ತೆ’ ಎಂಬ ಪಟ್ಟಿಗೆ ಸೇರಿಬಿಡುತ್ತವೆ.

ಬಹಳಷ್ಟು ಮಕ್ಕಳಿಗೆ ತಾನಾಗಿ ಬರುತ್ತದೆ, ನಿಜ. ಬಾರದ ಮಕ್ಕಳೂ ಕಡಿಮೆಯೇನಿಲ್ಲ. ದೇಶದ ಐದು ಕಡೆ 2ರಿಂದ 9 ವರ್ಷದ ಮಕ್ಕಳನ್ನು ಪರೀಕ್ಷಿಸಿದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ನರ ಬೆಳವಣಿಗೆಗೆ ಸಂಬಂಧಿಸಿದ ಒಂಬತ್ತು ಬಗೆಯ ತೊಂದರೆಗಳಲ್ಲಿ ಒಂದಾದರೂ ಸುಮಾರು ಎಂಟರಲ್ಲಿ ಒಂದು ಮಗುವಿಗೆ ಇದೆ ಎಂದು ಕಂಡುಕೊಂಡಿತು. ದೃಷ್ಟಿ, ಶ್ರವಣದ ತೊಂದರೆಗಳೂ ಮೂರ್ಛೆರೋಗವೂ ಆ ಲೆಕ್ಕದಲ್ಲಿ ಸೇರಿವೆ. ಹಾಗಿದ್ದರೂ ಅದು ಸಣ್ಣ ಸಂಖ್ಯೆಯಲ್ಲ.

ಈ ಮಕ್ಕಳಿಗಾಗಿ ಬೆಂಗಳೂರಿನಲ್ಲಿ ಈಗ ಜೋರಾಗಿ ಕೇಳಿಬರುತ್ತಿರುವುದು ಆಟದ ಮೂಲಕ ನೀಡುವ ಥೆರಪಿ. ಕೆಲಸವನ್ನು ಆಟದಲ್ಲಿಟ್ಟು ಕಲಿಸುವ ಈ ವಿಧಾನದ ಬಗ್ಗೆ ನನಗೆ ಪೂರ್ತಿ ನಂಬಿಕೆಯಿದೆ. ನನ್ನ ತಕರಾರು ಅದನ್ನು ನಾವು ಕೊಳ್ಳುತ್ತಿರುವ ರೀತಿಯ ಬಗ್ಗೆ. ನಲವತ್ತೈದು ನಿಮಿಷದ ಸೆಷನ್ನಿನ ಲೆಕ್ಕದಲ್ಲಿ, ಹೆತ್ತವರನ್ನು ಬಾಗಿಲ ಹೊರಗೆ ಕೂರಿಸಿ, ಬಣ್ಣಬಣ್ಣದ ಕೋಣೆಯೊಳಗೆ ನಡೆಯುವ ಆಟ ಆ ಕೋಣೆ ದಾಟಿ ಬಾರದಿದ್ದರೆ ಮಗುವಿಗೆ ಸಿಗುವುದು ಬಹಳ ಕಡಿಮೆ.

ಮೊದಲು ಒಂದು ಗೊಂದಲ ಪರಿಹಾರವಾಗಬೇಕು. ಭಯ, ದುಃಖ, ಆಘಾತದಿಂದ ಬಳಲುವ ಮಕ್ಕಳಿಗೆ ಮನಃಶಾಸ್ತ್ರಜ್ಞರು ಮಾಡುವ ಪ್ಲೇ ಥೆರಪಿ ಬೇರೆ. ಅಮೆರಿಕದ ವರ್ಜೀನಿಯಾ ಆ್ಯಕ್ಸ್‌ಲೈನ್ 1940ರ ದಶಕದಲ್ಲಿ ರೂಪಿಸಿದ ಕ್ರಮ ಅದರ ಒಂದು ಮುಖ್ಯ ಬೇರು. ಅಲ್ಲಿ ಮಗು ತನ್ನಿಷ್ಟದಂತೆ ಆಡುತ್ತದೆ, ದೊಡ್ಡವರು ಅದರ ಮನಸ್ಸನ್ನು ಅರಿಯುತ್ತಾ ಜೊತೆಗಿರುತ್ತಾರೆ. ದಿನದ ಕೆಲಸ ಕಲಿಸಲು ಆಟವನ್ನು ಬಳಸುವುದು ಹೆಚ್ಚಾಗಿ ಆಕ್ಯುಪೇಷನಲ್ ಥೆರಪಿಸ್ಟ್‌ಗಳ ಕೆಲಸ. ಹೆತ್ತವರ ಬಾಯಲ್ಲಿ ಅದು ‘ಒಟಿ’. ಸ್ಪೀಚ್ ಥೆರಪಿಸ್ಟರೂ ಸ್ಪೆಷಲ್ ಎಜುಕೇಟರೂ ಇದರಲ್ಲಿ ಕೈಜೋಡಿಸುತ್ತಾರೆ. ಕೇಂದ್ರದ ಬೋರ್ಡಿನಲ್ಲಿ ಎಲ್ಲವೂ ಒಂದೇ ಹೆಸರಲ್ಲಿ ಇರಬಹುದು. ನಿಮ್ಮ ಮಗುವಿಗೆ ಯಾವುದು ಬೇಕು ಎಂದು ಕೇಳಿಯೇ ಸೇರಿಸಿ.

ಮಗು ಆಟದಲ್ಲಿ ಕೆಲಸ ಹೇಗೆ ಕಲಿಯುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಮನೆಗಳಲ್ಲಿ ಅವರೆಕಾಯಿ ಸುಲಿಯುವ ಹೊತ್ತನ್ನು ನೆನಪಿಸಿಕೊಳ್ಳಿ. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಹಿತುಕಬೇಕು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಾಳನ್ನು ಹಿಡಿದು ಅದರ ಬೆನ್ನಿನ ಕಡೆಯಿಂದ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಒತ್ತಡ ಕಡಿಮೆಯಾದರೆ ಬೇಳೆ ಬರುವುದಿಲ್ಲ, ಜಾಸ್ತಿಯಾದರೆ ನುಜ್ಜಾಗುತ್ತದೆ. ನಾಲ್ಕು ವರ್ಷದ ಮಗುವಿಗೆ ಬೇಳೆ ಗೋಡೆಗೆ ಹಾರುವುದೇ ದೊಡ್ಡ ಮೋಜು, ಇನ್ನೊಂದು ಕೊಡು ಎಂದು ತಾನೇ ಕೈಚಾಚುತ್ತದೆ. ಹತ್ತು ನಿಮಿಷದಲ್ಲಿ ಐವತ್ತು ಅರವತ್ತು ಸಲ ಎರಡೇ ಬೆರಳಲ್ಲಿ ಹಿಡಿದು, ಹದವಾಗಿ ಒತ್ತಿ ಬಿಡುವ ಅಭ್ಯಾಸ ಆಗಿಹೋಗುತ್ತದೆ. ಗುಂಡಿ ಹಾಕಲು, ಜಿಪ್ಪು ಎಳೆಯಲು, ಪೆನ್ಸಿಲ್ ಹಿಡಿಯಲು ಬೇಕಾದ ಹಿಡಿತ ಇದೇ. ‘ಐವತ್ತು ಸಲ ಗುಂಡಿ ಹಾಕು’ ಎಂದಿದ್ದರೆ ಮಗು ಮೂರನೆಯದಕ್ಕೇ ಎದ್ದು ಓಡುತ್ತಿತ್ತು.

ಆಟದ ಬಲ ಇರುವುದೇ ಇಲ್ಲಿ. ಕಲಿಕೆಗೆ ಪುನರಾವರ್ತನೆ ಬೇಕು, ಪುನರಾವರ್ತನೆಗೆ ಮನಸ್ಸು ಬೇಕು, ಮನಸ್ಸನ್ನು ಆಟ ತರುತ್ತದೆ. ತಪ್ಪಿದರೆ ಬೈಗುಳವಿಲ್ಲ, ಆಟ ಮುಂದುವರಿಯುತ್ತದೆ. ಮಗು ಒಬ್ಬಂಟಿಯಾಗಿ ಮಾಡಲಾಗದ್ದನ್ನು ಆಟದಲ್ಲಿ, ಬಲ್ಲವರ ಜೊತೆಯಲ್ಲಿ ಮಾಡಬಲ್ಲದು ಎಂಬುದನ್ನು ರಷ್ಯಾದ ಮನಃಶಾಸ್ತ್ರಜ್ಞ ಲೆವ್ ವೈಗೋಟ್ಸ್‌ಕಿ 1930ರ ದಶಕದಲ್ಲೇ ವಿವರಿಸಿದ್ದರು. ಪಕ್ಕದಲ್ಲಿರುವವರು ಎಷ್ಟು ನೆರವಾಗಬೇಕು, ಯಾವಾಗ ಕೈ ಹಿಂತೆಗೆಯಬೇಕು ಎಂಬುದೇ ಇಡೀ ವಿದ್ಯೆಯ ಕಷ್ಟದ ಭಾಗ.

ಅದಕ್ಕೇ ಒಳ್ಳೆಯ ಥೆರಪಿಸ್ಟ್ ಯಾವ ಕೆಲಸವನ್ನಾದರೂ ಮೊದಲು ಬಿಡಿಸಿ ನೋಡುತ್ತಾರೆ. ಚಡ್ಡಿ ಹಾಕಿಕೊಳ್ಳುವುದನ್ನೇ ತೆಗೆದುಕೊಳ್ಳಿ. ನಮಗೆ ಅದು ಒಂದು ಕೆಲಸ. ಮಗುವಿಗೆ ಮುಂದು ಹಿಂದು ಗುರುತಿಸುವುದು, ಕುಳಿತು ಎರಡೂ ಕೈಯಲ್ಲಿ ಹಿಡಿಯುವುದು, ಒಂದು ಕಾಲು ತೂರಿಸುವುದು, ಅದೇ ತೂತಿಗೆ ಎರಡನೆಯ ಕಾಲು ಹೋಗದಂತೆ ನೋಡುವುದು, ಎದ್ದು ನಿಲ್ಲುವುದು, ಮೊಣಕಾಲಿನಿಂದ ಸೊಂಟದವರೆಗೆ ಎಳೆಯುವುದು, ಹೀಗೆ ಆರೇಳು ಕೆಲಸ. ಇದನ್ನು ಕೊನೆಯಿಂದ ಕಲಿಸುವ ಪದ್ಧತಿಯೊಂದಿದೆ. ಮೊದಲ ಹೆಜ್ಜೆಗಳನ್ನೆಲ್ಲ ದೊಡ್ಡವರು ಮಾಡಿ, ಸೊಂಟಕ್ಕೆ ಎಳೆದುಕೊಳ್ಳುವ ಕೊನೆಯ ಎಳೆತವನ್ನು ಮಾತ್ರ ಮಗುವಿಗೆ ಬಿಡುವುದು. ಕೆಲಸ ಮುಗಿಸಿದ ಖುಷಿ ಪ್ರತಿ ಸಲವೂ ಮಗುವಿನದೇ ಆಗುತ್ತದೆ. ಅದು ಸಲೀಸಾದ ಮೇಲೆ ಮೊಣಕಾಲಿನಿಂದ ಎಳೆಯುವುದು, ಆಮೇಲೆ ಒಂದು ಕಾಲು ತೂರಿಸುವುದು. ಇದರಲ್ಲಿ ಆಟ ಎಲ್ಲಿದೆ ಎಂದರೆ, ಕಾಲು ಸುರಂಗಕ್ಕೆ ಹೋಗುವ ಮೆಟ್ರೊ ಆಗುತ್ತದೆ. ಹೆಬ್ಬೆರಳು ಆಚೆ ಕಡೆ ಇಣುಕಿದರೆ ‘ಮೆಜೆಸ್ಟಿಕ್ ಬಂತು!’ ಎನ್ನಬೇಕು. ನಿಲ್ದಾಣಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಕೊಂಡ ಹುಡುಗನಿಗೆ ಇದಕ್ಕಿಂತ ಬೇರೆ ಆಮಿಷ ಬೇಕಾಗುವುದಿಲ್ಲ. ಮಗುವಿಗೆ ಯಾವುದು ಪ್ರಾಣವೋ ಅದನ್ನೇ ದಾರಿ ಮಾಡಿಕೊಳ್ಳುವುದು ಜಾಣತನ.

ಈಗ ಕೇಂದ್ರಗಳೊಳಗೆ ಇಣುಕೋಣ. ತೂಗುವ ಉಯ್ಯಾಲೆ, ಚೆಂಡು ತುಂಬಿದ ತೊಟ್ಟಿ, ಟ್ರಾಂಪೊಲಿನ್, ದೊಡ್ಡ ಥೆರಪಿ ಬಾಲ್, ಹತ್ತುವ ಗೋಡೆ. ಫೋಟೊಗಳಲ್ಲಿ ಬಹಳ ಚೆಂದ. ಇವುಗಳ ಹಿಂದೆ ಇರುವುದು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್ ಅವರ ಸೆನ್ಸರಿ ಇಂಟಿಗ್ರೇಷನ್ ಚಿಂತನೆ. ಸ್ಪರ್ಶ, ಸಮತೋಲ, ಚಲನೆಯ ಸಂವೇದನೆಗಳನ್ನು ಮೆದುಳು ಸರಿಯಾಗಿ ಜೋಡಿಸಿಕೊಂಡರೆ ಮಗುವಿನ ವರ್ತನೆಯೂ ಕಲಿಕೆಯೂ ಸುಧಾರಿಸುತ್ತವೆ ಎಂಬುದು ಅದರ ತಿರುಳು. ಮಕ್ಕಳ ಸಂವೇದನೆಗಳ ಕಷ್ಟ ನಿಜವಾದದ್ದು. ಕುಕ್ಕರ್ ಸೀಟಿಗೆ ಕಿವಿ ಮುಚ್ಚಿಕೊಂಡು ಅಳುವ ಮಗು, ಉಗುರು ಕತ್ತರಿಸಲು ಕೈ ಹಿಡಿದರೆ ಕಿರುಚುವ ಮಗು, ಮೊಸರನ್ನ ಬೆರಳಿಗೆ ತಗುಲಿದರೆ ವಾಕರಿಸುವ ಮಗು ಹಟ ಮಾಡುತ್ತಿಲ್ಲ. ಅದಕ್ಕೆ ನಿಜವಾಗಿ ಹಿಂಸೆಯಾಗುತ್ತಿರುತ್ತದೆ. ಹಾಗೆಂದು ಉಯ್ಯಾಲೆ ತೂಗಿದರೆ ಗುಂಡಿ ಹಾಕುವುದು ಬಂದುಬಿಡುತ್ತದೆಯೇ?

ಇದಕ್ಕೆ ಉತ್ತರ ಹುಡುಕಿದವರಿದ್ದಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಈ ಥೆರಪಿಗೆ ಪುರಾವೆ ಸೀಮಿತ, ಇದನ್ನು ಹೆತ್ತವರಿಗೆ ತಿಳಿಸಿ ಹೇಳಬೇಕು ಎಂದಿತ್ತು. ಬ್ರಿಟನ್ನಿನಲ್ಲಿ ಆಟಿಸಂ ಇರುವ, 4ರಿಂದ 11 ವರ್ಷದ 138 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೆನ್ಸರಿ ಇಂಟಿಗ್ರೇಷನ್ ಥೆರಪಿ ಪಡೆದವರಿಗೂ ಎಂದಿನ ಆರೈಕೆ ಪಡೆದವರಿಗೂ ಮುಖ್ಯ ಅಳತೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಪ್ರತಿ ಮಗುವಿಗೂ ಪ್ರತ್ಯೇಕವಾಗಿ ಇಟ್ಟುಕೊಂಡ ಗುರಿಗಳಲ್ಲಿ ಪ್ರಗತಿ ಆಯಿತೆಂದು ಪೋಷಕರು ಹೇಳಿದರು. ಆಸ್ಟ್ರೇಲಿಯಾದ ಸಂಶೋಧಕರಾದ ಅಯೋನಾ ನೊವಾಕ್ ಮತ್ತು ಇಂಗ್ರಿಡ್ ಹೊನಾನ್ 2019ರಲ್ಲಿ ಮಕ್ಕಳ ಆಕ್ಯುಪೇಷನಲ್ ಥೆರಪಿಯ ವಿಧಾನಗಳನ್ನೆಲ್ಲ ಜರಡಿ ಹಿಡಿದಾಗ ಗಟ್ಟಿಯಾಗಿ ನಿಂತವು ಇವು: ಮಗುವಿಗೆ ಬೇಕಾದ ಕೆಲಸವನ್ನೇ ಗುರಿಯಾಗಿಟ್ಟು ಅದನ್ನೇ ಅಭ್ಯಾಸ ಮಾಡಿಸುವುದು, ಹೆತ್ತವರಿಗೆ ತರಬೇತಿ ಕೊಡುವುದು, ಮನೆಯಲ್ಲಿ ನಡೆಸುವ ಹೋಮ್ ಪ್ರೋಗ್ರಾಂ.

ನನ್ನ ತೀರ್ಮಾನ ಇಷ್ಟು. ಉಯ್ಯಾಲೆ ಬೇಡವೆಂದಲ್ಲ. ಅದು ಮಗುವನ್ನು ಸಮಾಧಾನಕ್ಕೆ ತರಬಹುದು, ಥೆರಪಿಸ್ಟ್ ಜೊತೆ ನಂಟು ಬೆಳೆಸಬಹುದು. ಆದರೆ ಮಗು ಸ್ನಾನ ಕಲಿಯುವುದು ಸ್ನಾನದಿಂದ. ಉಯ್ಯಾಲೆಯಲ್ಲಿ ಆರಂಭವಾದ ಸೆಷನ್ ಮುಗಿಯುವ ಹೊತ್ತಿಗೆ ನಿಜವಾದ ಸಾಕ್ಸಿಗೋ ನಿಜವಾದ ಚೊಂಬಿಗೋ ಬಂದು ನಿಲ್ಲದಿದ್ದರೆ ಹೆತ್ತವರು ಪ್ರಶ್ನಿಸಬೇಕು.

ಚೊಂಬಿನ ಮಾತು ಬಂದದ್ದರಿಂದ ಬಚ್ಚಲನ್ನೇ ನೋಡೋಣ. ಪರದೇಶದಿಂದ ಬಂದ ಪುಸ್ತಕಗಳಲ್ಲಿ ಸ್ನಾನವೆಂದರೆ ಟಬ್ ಅಥವಾ ಶವರ್. ನಮ್ಮ ಹೆಚ್ಚಿನ ಮನೆಗಳಲ್ಲಿ ಬಕೆಟ್ಟು ಮತ್ತು ಮಗ್. ತುಂಬಿದ ಮಗ್ ಅನ್ನು ಓರೆಯಾಗದಂತೆ ಎತ್ತಿ, ಭುಜದ ಮೇಲೆ ತಂದು, ಮಣಿಕಟ್ಟು ತಿರುಗಿಸಿ ಹೊಯ್ದುಕೊಳ್ಳುವುದಕ್ಕೆ ಕೈಯಲ್ಲಿ ಬಲವೂ ಬೇಕು, ಅಂದಾಜೂ ಬೇಕು. ಇದರ ಆಟ ಬಾಲ್ಕನಿಯಲ್ಲೇ ಆರಂಭವಾಗಲಿ. ರಾಗಿ ತುಂಬಿದ ತೊಟ್ಟಿಯಿಂದ ಲೋಟದಲ್ಲಿ ತೋಡಿ ಡಬ್ಬಿಗೆ ಸುರಿಯುವುದು, ಆಮೇಲೆ ನೀರಿನಲ್ಲಿ ಅದೇ ಆಟ, ಆಮೇಲೆ ತುಳಸಿ ಗಿಡಕ್ಕೆ ನೀರು, ಆಮೇಲೆ ಗೊಂಬೆಗೆ ಸ್ನಾನ. ಗೊಂಬೆಯ ತಲೆಗೆ ನೀರು ಹೊಯ್ದು ‘ಕಣ್ಣು ಮುಚ್ಚು’ ಎಂದು ತಾನೇ ಹೇಳಿದ ಮಗುವಿಗೆ ತನ್ನ ತಲೆಗೆ ನೀರು ಬೀಳುವ ಭಯ ಅರ್ಧ ಕಡಿಮೆಯಾಗಿರುತ್ತದೆ. ಭಾನುವಾರ ಬೆಳಿಗ್ಗೆ ಎಣ್ಣೆಸ್ನಾನಕ್ಕೆ ಹಿಡಿದು ಕೂರಿಸುವ ಹೋರಾಟಕ್ಕಿಂತ ಇದು ನಿಧಾನವಾದರೂ ಉಳಿಯುವ ಕಲಿಕೆ.

ಈ ಎಲ್ಲವೂ ನಡೆಯುವುದು ಮನೆಯಲ್ಲಿ ಎಂದ ಮೇಲೆ ಅಮ್ಮ, ಅಪ್ಪ, ಅಜ್ಜಿಯನ್ನು ಕೋಣೆಯ ಹೊರಗೆ ಕೂರಿಸುವುದಕ್ಕೆ ಅರ್ಥವಿಲ್ಲ. ‘ನೀವಿದ್ದರೆ ಮಗು ಡಿಸ್ಟರ್ಬ್ ಆಗುತ್ತೆ’ ಎಂಬ ಕಾರಣ ಕೆಲವು ಮಕ್ಕಳ ವಿಷಯದಲ್ಲಿ, ಮೊದಲ ಕೆಲವು ಸೆಷನ್‌ಗಳಲ್ಲಿ ನಿಜವಿರಬಹುದು. ತಿಂಗಳುಗಟ್ಟಲೆ ಅದೇ ನಡೆದರೆ, ಕೊನೆಯ ಎರಡು ನಿಮಿಷದಲ್ಲಿ ‘ಇವತ್ತು ಚೆನ್ನಾಗಿ ಮಾಡ್ದ’ ಎಂಬ ವರದಿ ಮಾತ್ರ ಸಿಕ್ಕರೆ, ಹಣ ಹೋಗುತ್ತದೆ, ಕೈಗೆ ಏನೂ ಬರುವುದಿಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಆಟಿಸಂ ಮಕ್ಕಳ ಕುಟುಂಬಗಳೊಂದಿಗೆ ನಡೆದ ಪ್ರಯೋಗವೊಂದಿದೆ. ಅಲ್ಲಿ ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತರಬೇತಿ ಪಡೆದು, ಮಗುವಿನ ಆಟಕ್ಕೆ ಸ್ಪಂದಿಸುವುದನ್ನು ಹೆತ್ತವರಿಗೆ ಕಲಿಸಿದರು. ಹೆತ್ತವರ ಸ್ಪಂದನೆ ಉತ್ತಮಗೊಂಡಿತು, ಮಕ್ಕಳು ತಾವಾಗಿ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು. ದುಬಾರಿ ಉಪಕರಣವಿಲ್ಲದೆ ಆದದ್ದು ಇದು.

ಒಳ್ಳೆಯ ಥೆರಪಿಸ್ಟ್ ಹೇಗೆ ಮಾತಾಡುತ್ತಾರೆ ಎಂಬುದಕ್ಕೆ ಒಂದು ತುಣುಕು.

‘ಮನೇಲಿ ಚಡ್ಡಿ ಅವನೇ ಹಾಕ್ಕೋತಾನಾ ಅಮ್ಮ?’

‘ಎಲ್ಲಿ ಮೇಡಂ, ಏಳೂವರೆಗೆಲ್ಲ ಸ್ಕೂಲ್ ವ್ಯಾನ್ ಬಂದ್ಬಿಡತ್ತೆ. ನಾನೇ ಹಾಕಿ ಕಳಿಸ್ತೀನಿ.’

‘ಹಾಗಾದ್ರೆ ಬೆಳಿಗ್ಗೆ ಬೇಡ ಬಿಡಿ. ಸಂಜೆ ಯೂನಿಫಾರಂ ಬಿಚ್ಚಿ ಮನೆ ಬಟ್ಟೆ ಹಾಕ್ತೀರಲ್ಲ, ಆವಾಗ ಮಾಡ್ಸಿ. ಕೊನೇ ಎಳೆತ ಮಾತ್ರ ಅವನಿಗೆ ಬಿಡಿ. ಅವನು ಎಳ್ಕೊಳೋವರೆಗೂ ನಿಮ್ಮ ಕೈ ಹಿಂದೆ ಇಟ್ಕೊಳಿ.’

‘ಅಜ್ಜಿ ಸುಮ್ಮನೆ ಇರಲ್ಲ ಮೇಡಂ, ಅವರೇ ಎಳೆದುಬಿಡ್ತಾರೆ.’

‘ಮುಂದಿನ ವಾರ ಅಜ್ಜೀನೂ ಕರ್ಕೊಂಡ್ ಬನ್ನಿ.’

ಈ ಸಣ್ಣ ಮಾತುಕತೆಯಲ್ಲಿ ಮನೆಯ ಗಡಿಯಾರಕ್ಕೆ ಗುರಿಯನ್ನು ಹೊಂದಿಸುವುದಿದೆ, ನೆರವನ್ನು ತಡೆಹಿಡಿಯುವ ಉಪಾಯವಿದೆ, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಮಗುವಿನ ಜೊತೆಗಿರುವ ವ್ಯಕ್ತಿಯನ್ನು ಒಳಗೆ ಕರೆಯುವುದಿದೆ. ಪ್ರೀತಿಯಿಂದಲೇ ನಾವು ಮಕ್ಕಳ ಕೈ ಕಟ್ಟಿಹಾಕುತ್ತೇವೆ. ಏಳು ವರ್ಷದ ಮಗುವಿಗೂ ಫೋನ್ ಮುಂದಿಟ್ಟು ತುತ್ತು ಇಡುತ್ತೇವೆ. ಬೇಗ ಮುಗಿಯುತ್ತದೆ, ಬಟ್ಟೆ ಕೊಳೆಯಾಗುವುದಿಲ್ಲ. ಆದರೆ ಅನ್ನ ಸಾರು ಕಲಸುವ, ತುತ್ತು ಮಾಡುವ, ಹೊಟ್ಟೆ ತುಂಬಿತೆಂದು ಗುರುತಿಸುವ ಮೂರೂ ಕಲಿಕೆಗಳು ಅಲ್ಲಿ ಕಳೆದುಹೋಗುತ್ತವೆ.

ಬೆಂಗಳೂರಿಗೇ ವಿಶೇಷವಾದ ಇನ್ನೊಂದು ತೊಡಕು ಭಾಷೆ. ಮನೆಯಲ್ಲಿ ಕನ್ನಡ, ಥೆರಪಿ ಕೋಣೆಯಲ್ಲಿ ಇಂಗ್ಲಿಷ್. ಥೆರಪಿಸ್ಟರಲ್ಲಿ ಅನೇಕರು ಬೇರೆ ರಾಜ್ಯದವರು, ಕನ್ನಡ ಬರದಿರುವುದು ಅವರ ತಪ್ಪಲ್ಲ. ಆದರೆ ‘ಮನೆಯಲ್ಲೂ ಇಂಗ್ಲಿಷೇ ಮಾತಾಡಿ, ಎರಡು ಭಾಷೆಯಾದರೆ ಮಗುವಿಗೆ ಗೊಂದಲ’ ಎಂಬ ಸಲಹೆಯನ್ನು ಹೆತ್ತವರು ಪಾಲಿಸತೊಡಗಿದರೆ ಆಗುವುದು ಅನಾಹುತ. ಆಟಿಸಂ ಇರುವ ಮಕ್ಕಳಿಗೆ ಎರಡು ಭಾಷೆಯ ಒಡನಾಟದಿಂದ ಹೆಚ್ಚುವರಿ ವಿಳಂಬ ಆಗುವುದಿಲ್ಲವೆಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ದಿನದ ಕೆಲಸಗಳ ವಿಷಯದಲ್ಲಂತೂ ಮನೆಮಾತೇ ಮುಖ್ಯ. ‘ತಟ್ಟೆ ತೊಗೊಂಡು ಬಾ’, ‘ಚಪ್ಪಲಿ ಗೂಡಲ್ಲಿಡು’ ಎಂದು ಹೇಳುವವರು ಅಜ್ಜಿ, ಅತ್ತೆ, ಪಕ್ಕದ ಮನೆ ಆಂಟಿ. ಅವರ ಮಾತು ಮಗುವಿಗೆ ಅರ್ಥವಾಗದಿದ್ದರೆ ಕಲಿತದ್ದು ಮನೆಯಲ್ಲಿ ಬಳಕೆಗೇ ಬರುವುದಿಲ್ಲ. ಇಪ್ಪತ್ತು ಸೂಚನೆಗಳನ್ನು ಕನ್ನಡದಲ್ಲಿ ಬರೆದು ಕೇಂದ್ರಕ್ಕೆ ಕೊಡಿ, ಸೆಷನ್ನಿನಲ್ಲಿ ಅವನ್ನೇ ಬಳಸಲು ಕೇಳಿ. ಮನಸ್ಸಿದ್ದ ಥೆರಪಿಸ್ಟ್ ವಾರದೊಳಗೆ ಕಲಿಯುತ್ತಾರೆ.

ನಮ್ಮಲ್ಲಿ ಒಳ್ಳೆಯ ಮಾದರಿಗಳಿಲ್ಲವೆಂದಲ್ಲ. ಮಾತು, ಭಾಷೆಯ ತೊಂದರೆಗಳ ತಜ್ಞೆ ಪ್ರತಿಭಾ ಕಾರಂತ್ ಅವರು ಬೆಂಗಳೂರಿನಲ್ಲಿ ರೂಪಿಸಿದ ಕಾಮ್ ಡೀಲ್ ಕಾರ್ಯಕ್ರಮ ಶಾಲೆಗೆ ಹೋಗುವ ಮೊದಲಿನ ವಯಸ್ಸಿನ ಮಕ್ಕಳಿಗೆ ಸ್ಪೀಚ್ ಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್, ಶಿಕ್ಷಕರನ್ನು ಒಂದೇ ತಂಡವಾಗಿ ಕೂಡಿಸಿತು. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಮಗುವನ್ನು ದಾಖಲಿಸಿದರೆ ಹೆತ್ತವರೂ ಜೊತೆಗಿರುತ್ತಾರೆ. ಮಗುವನ್ನು ಕುಟುಂಬದಿಂದ ಬೇರ್ಪಡಿಸಿ ನೋಡಬಾರದೆಂಬ ತಿಳಿವಳಿಕೆ ಈ ಊರಿಗೆ ಹೊಸದಲ್ಲ. ಗಲ್ಲಿಗೊಂದು ಕೇಂದ್ರ ತೆರೆಯುವ ಭರದಲ್ಲಿ ಅದು ಹಿಂದೆ ಬಿದ್ದಿದೆ.

ಮನೆಯ ನಂತರ ಬೀದಿ. ದರ್ಶಿನಿ ಆಟ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕೋಣೆಯಲ್ಲಿ ಒಂದು ಮೇಜು ಕೌಂಟರ್ ಆಗುತ್ತದೆ, ಕಾಗದದ ಚೀಟಿ ಟೋಕನ್ ಆಗುತ್ತದೆ, ಹಿಟ್ಟಿನ ಉಂಡೆ ಇಡ್ಲಿಯಾಗುತ್ತದೆ. ಸಾಲಲ್ಲಿ ನಿಲ್ಲುವುದು, ಮುಂದಿನವರು ಮುಗಿಸುವವರೆಗೆ ಕಾಯುವುದು, ‘ಎರಡು ಇಡ್ಲಿ, ಒಂದು ವಡೆ’ ಎನ್ನುವುದು, ಟೋಕನ್ ಕೊಟ್ಟು ತಟ್ಟೆ ಹಿಡಿಯುವುದು. ಮಾತು ಬಾರದ ಮಗುವಾದರೆ ಇಡ್ಲಿಯ ಚಿತ್ರದ ಚೀಟಿ ತೋರಿಸಲಿ. ಆಟ ಕೈವಶವಾದ ಮೇಲೆ ಮಧ್ಯಾಹ್ನ ಮೂರೂವರೆಗೆ, ಜನ ಕಡಿಮೆ ಇರುವಾಗ, ನಿಜವಾದ ದರ್ಶಿನಿಗೆ ಕರೆದುಕೊಂಡು ಹೋಗಬೇಕು. ಒಮ್ಮೆ ನಾಣ್ಯ, ನೋಟು ಕೈಗೆ ಕೊಟ್ಟು ಕಳಿಸಿ. ಎಲ್ಲವೂ ಯುಪಿಐ ಆದ ಊರಿನಲ್ಲಿ ಮಕ್ಕಳು ಹಣ ಎಣಿಸುವುದನ್ನೂ ಚಿಲ್ಲರೆ ತೆಗೆದುಕೊಳ್ಳುವುದನ್ನೂ ನೋಡುವುದೇ ಅಪರೂಪವಾಗಿದೆ. ಸಾಮಾನು ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವಾಗ ಅಂಗಡಿಗೆ ಕಳಿಸುವ ಅಭ್ಯಾಸವೂ ನಿಂತಿದೆ. ಈ ನಷ್ಟ ತೊಂದರೆಯಿಲ್ಲದ ಮಕ್ಕಳಿಗೂ ತಟ್ಟುತ್ತಿದೆ.

ಫೋನಿನ ವಿಷಯಕ್ಕೆ ಬಂದರೆ, ಪರದೆ ನೋಡಿ ಬರುತ್ತದೆನ್ನುವ ‘ವರ್ಚುವಲ್ ಆಟಿಸಂ’ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಬಹಳ ಓಡಾಡುತ್ತಿದೆ. ವೈದ್ಯರು ಕಾಯಿಲೆ ಗುರುತಿಸಲು ಬಳಸುವ ಡಿಎಸ್‌ಎಂ-5, ಐಸಿಡಿ-11 ಎಂಬ ಎರಡು ಪಟ್ಟಿಗಳಲ್ಲೂ ಅಂಥ ಕಾಯಿಲೆಯಿಲ್ಲ. ಫೋನು ಕೊಟ್ಟಿದ್ದರಿಂದ ಮಗುವಿಗೆ ಆಟಿಸಂ ಬಂತೆಂದು ತಾಯಿಯನ್ನು ದೂರುವುದು ತಪ್ಪು ಮತ್ತು ಕ್ರೌರ್ಯ. ಫೋನು ತೆಗೆದುಕೊಳ್ಳುವುದು ಆಡುವ ಹೊತ್ತನ್ನು. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರುವುದು ಬೇಡ ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳಿರುವುದರ ಹಿಂದಿನ ಕಾಳಜಿಗಳಲ್ಲಿ ಇದೂ ಒಂದು.

ಆಟದ ಹೆಸರಲ್ಲಿ ಬಲವಂತ ನುಸುಳುವುದೂ ಉಂಟು. ಕಾರುಗಳನ್ನು ಸಾಲಾಗಿ ಜೋಡಿಸಿ ಅದರಲ್ಲೇ ಮುಳುಗಿರುವ ಮಗುವಿನ ಕೈಯಿಂದ ಕಾರು ಕಿತ್ತು ‘ಹೀಗಲ್ಲ, ಓಡಿಸಬೇಕು’ ಎನ್ನುವುದು ಥೆರಪಿಯಲ್ಲ. ಪಕ್ಕದಲ್ಲಿ ಕುಳಿತು ಇನ್ನೊಂದು ಕಾರನ್ನು ಅದೇ ಸಾಲಿಗೆ ಸೇರಿಸಿ, ಮಗು ತಿರುಗಿ ನೋಡುವವರೆಗೆ ಕಾಯಬೇಕು. ನೋಡಿದ ಕ್ಷಣದಿಂದ ಅದು ಇಬ್ಬರ ಆಟ. ಅಳುವ ಮಗುವಿನ ಬಾಯಿಗೆ ತುರುಕುವುದು, ಹೆದರಿದ ಮಗುವನ್ನು ಹಿಡಿದು ಕೂರಿಸುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡೆಂದು ಗಲ್ಲ ಹಿಡಿದು ತಿರುಗಿಸುವುದು ಕಂಡರೆ ಆ ಕೇಂದ್ರ ಬಿಡಿ. ಮಗು ಬೇರೆ ಮಕ್ಕಳಂತೆ ಕಾಣುವುದು ನಮ್ಮ ಗುರಿಯಾಗಬಾರದು. ಅದಕ್ಕೆ ಹಸಿವಾದಾಗ ಉಣ್ಣಲು, ಬೇಡವೆಂದಾಗ ಬೇಡ ಎನ್ನಲು, ತನ್ನ ಮೈಯನ್ನು ತಾನೇ ನೋಡಿಕೊಳ್ಳಲು ಬಂದರೆ ಸಾಕು.

ಕೇಂದ್ರ ಆರಿಸುವಾಗ ಓದು ವಿಚಾರಿಸಲು ಸಂಕೋಚ ಬೇಡ. ಆಕ್ಯುಪೇಷನಲ್ ಥೆರಪಿ ನಾಲ್ಕು ವರ್ಷಕ್ಕೂ ಮೀರಿದ ಪದವಿ. 2021ರಲ್ಲಿ ಬಂದ ರಾಷ್ಟ್ರೀಯ ಪೂರಕ ಆರೋಗ್ಯ ವೃತ್ತಿಗಳ ಕಾಯ್ದೆ ಇವರನ್ನು ಒಳಗೊಂಡಿದೆ. ಸ್ಪೀಚ್ ಥೆರಪಿಸ್ಟ್ ಮತ್ತು ಸ್ಪೆಷಲ್ ಎಜುಕೇಟರ್‌ಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, ಕೇಳಿ ನೋಡಬಹುದು. ಕೆಲವೇ ವಾರಗಳ ಆನ್‌ಲೈನ್ ಕೋರ್ಸ್ ಮುಗಿಸಿ ‘ಥೆರಪಿಸ್ಟ್’ ಎಂಬ ಫಲಕ ಹಾಕಿಕೊಂಡವರ ಕೈಗೆ ಮಗುವನ್ನು ಕೊಡಬೇಡಿ. ಮೂರು ತಿಂಗಳ ಗುರಿಯನ್ನು ಬರೆದುಕೊಡಿ ಎಂದು ಕೇಳಿ. ‘ಫೈನ್ ಮೋಟಾರ್ ಸುಧಾರಣೆ’ (ಬೆರಳುಗಳ ನಾಜೂಕು ಚಲನೆಯ ಸುಧಾರಣೆ) ಎಂದು ಬರೆದರೆ ಸಾಲದು. ‘ಟಿಫಿನ್ ಡಬ್ಬಿ ತಾನೇ ತೆಗೆದು ಉಣ್ಣುತ್ತಾಳೆ’ ಎಂದಿದ್ದರೆ ಅದು ಗುರಿ. ಆಗ ಆಯಿತೋ ಇಲ್ಲವೋ ಎಂದು ಅಜ್ಜಿಯೂ ಹೇಳಬಲ್ಲರು.

ಖರ್ಚಿನ ಹೊರೆ ಸಣ್ಣದಲ್ಲ. ವಾರಕ್ಕೆ ಮೂರು ಸೆಷನ್, ಆಟೊ ಬಾಡಿಗೆ, ಒಬ್ಬರ ಕೆಲಸ ಬಿಟ್ಟ ಸಂಬಳ ಕೂಡಿಸಿದರೆ ಮಧ್ಯಮ ವರ್ಗದ ಮನೆಯೂ ಕುಸಿಯುತ್ತದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಬರುವ ಚಲನೆಯ ತೊಂದರೆ), ಬೌದ್ಧಿಕ ಅಂಗವೈಕಲ್ಯ ಮತ್ತು ಬಹು ಅಂಗವೈಕಲ್ಯ ಇರುವವರಿಗೆ ಒಂದು ಲಕ್ಷ ರೂಪಾಯಿವರೆಗಿನ ರಕ್ಷಣೆ ಕೊಡುತ್ತದೆ, ಥೆರಪಿಯೂ ಅದರಲ್ಲಿ ಸೇರಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ, ತೊಂದರೆಗೆ ಬೇಗನೆ ನೆರವು ಕೊಡುವ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳ ವ್ಯವಸ್ಥೆ ಇದೆ. ಅಂಗನವಾಡಿಗಳಲ್ಲಿ ಅಂಗವಿಕಲ ಮಕ್ಕಳನ್ನು ಗುರುತಿಸಿ ಸೇರಿಸಿಕೊಳ್ಳುವ ಕ್ರಮವನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿತು. ನನಗೆ ಹೆಚ್ಚು ಭರವಸೆ ಇರುವುದು ಈ ಅಂಗನವಾಡಿಯ ದಾರಿಯಲ್ಲಿ. ಅಲ್ಲಿ ಮಕ್ಕಳು ಒಟ್ಟಿಗೆ ಕೈ ತೊಳೆಯುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ಚಾಪೆ ಹಾಸಿ ಮಡಚುತ್ತಾರೆ. ದಿನದ ಕೆಲಸ ಕಲಿಯಲು ಇದಕ್ಕಿಂತ ಸಹಜವಾದ ಜಾಗ ಇಲ್ಲ. ಪಕ್ಕದ ಮಗು ಮಾಡುವುದನ್ನು ನೋಡಿ ಕಲಿಯುವುದು ಯಾವ ಥೆರಪಿ ಕೋಣೆಯಲ್ಲೂ ಸಿಗದ ಅವಕಾಶ. ಕಾರ್ಯಕರ್ತೆಗೆ ತರಬೇತಿಯೂ ಒಬ್ಬ ಸಹಾಯಕಿಯೂ ಸಿಕ್ಕರೆ ಕೆಲಸ ಶುರುವಾಗುತ್ತದೆ. ಈಗಾಗಲೇ ಆಕೆಯ ತಲೆಯ ಮೇಲಿರುವ ದಾಖಲೆ, ಸಮೀಕ್ಷೆಗಳ ಹೊರೆ ಇಳಿಸದೆ ಮತ್ತೊಂದು ಕೆಲಸ ಹೊರಿಸಿದರೆ ಅದೂ ಕಾಟಾಚಾರವಾಗುತ್ತದೆ.

ಉದ್ಯಾನಗಳ ವಿಷಯವನ್ನೂ ಇಲ್ಲೇ ಹೇಳಬೇಕು. ಕಿಲಿಕಿಲಿ ಎಂಬ ಸಂಸ್ಥೆಯ ಪ್ರಯತ್ನದಿಂದ ಕೋಲ್ಸ್ ಪಾರ್ಕ್, ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಪಾರ್ಕ್, ರಾಜಾಜಿನಗರದ ಗಾಯತ್ರಿದೇವಿ ಪಾರ್ಕ್‌ಗಳಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಆಡುವಂಥ ಜಾಗಗಳಾದವು. ಇಷ್ಟು ದೊಡ್ಡ ಊರಿಗೆ ಇವು ಏನೇನೂ ಸಾಲವು.

ಮಕ್ಕಳು ದೊಡ್ಡವರಾಗುತ್ತಾರೆ, ಆಟವೂ ಅವರ ಜೊತೆ ಬೆಳೆಯಬೇಕು. ಹನ್ನೊಂದು ವರ್ಷದ ಹುಡುಗಿಗೆ ಗೊಂಬೆಯ ಸ್ನಾನ ಸಲ್ಲದು. ಆಕೆಗೆ ಚೌಕಾಬಾರ ಬೇಕು, ಚಪಾತಿ ಲಟ್ಟಿಸುವುದು ಬೇಕು, ತನ್ನ ಬಟ್ಟೆ ತಾನೇ ಆರಿಸುವ ಸ್ವಾತಂತ್ರ್ಯ ಬೇಕು. ಮುಟ್ಟು ಶುರುವಾಗುವ ಮುಂಚೆಯೇ ಒಳಉಡುಪಿಗೆ ಪ್ಯಾಡ್ ಅಂಟಿಸಿ ತೆಗೆಯುವುದನ್ನು, ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕುವುದನ್ನು ನೀರಿಗೆ ಬಣ್ಣ ಬೆರೆಸಿ ತೋರಿಸಿ ಅಭ್ಯಾಸ ಮಾಡಿಸಬಹುದು. ಬಾಗಿಲು ಹಾಕಿಕೊಂಡು ಬಟ್ಟೆ ಬದಲಿಸುವುದನ್ನೂ, ಯಾರು ಮುಟ್ಟಬಹುದು ಯಾರು ಮುಟ್ಟಬಾರದು ಎಂಬುದನ್ನೂ ಆಗಲೇ ಕಲಿಸಬೇಕು. ತೊಳೆಯಲು, ತೊಡಿಸಲು ಬೇರೆಯವರನ್ನು ನೆಚ್ಚಿಕೊಂಡ ಹದಿಹರೆಯದ ಮಗು ಬೇರೆಯವರ ಕೈಗೆ ಸುಲಭವಾಗಿ ಸಿಗುತ್ತದೆ. ಹೆತ್ತವರ ರಾತ್ರಿಯ ನಿದ್ದೆ ಕೆಡಿಸುವ ಭಯ ಇದೇ. ಶಾಲೆಗಳು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕರನ್ನು ಕೊಡಲು ಈಗ ಒಪ್ಪುತ್ತವೆ. ಪ್ರಗತಿ ಪತ್ರದಲ್ಲಿ ಗಣಿತದ ಪಕ್ಕ ‘ಊಟ, ಶೌಚ, ಉಡುಪು’ ಎಂಬ ಒಂದು ಸಾಲು ಸೇರಿಸಿ, ವರ್ಷದ ಆರಂಭದಲ್ಲೇ ಹೆತ್ತವರ ಜೊತೆ ಕುಳಿತು ಅದಕ್ಕೂ ಗುರಿ ಬರೆಯಬೇಕೆಂದು ಅವುಗಳನ್ನು ಒತ್ತಾಯಿಸುವ ಕೆಲಸ ಇನ್ನೂ ಬಾಕಿಯಿದೆ.